ಮಗಳಿಗೊಂದು ಪತ್ರ: ಕುಸ್ವಾರ್, ಗೋದಲಿ ಮತ್ತು ನಮ್ಮ ಮನೆಯ ಕ್ರಿಸ್ಮಸ್

ಪ್ರೀತಿಯ ಮಗಳೇ,

ನಮ್ಮ ಊರಿನ ಕ್ರಿಸ್ಮಸ್ ಬಗ್ಗೆ ಪುಟ್ಟಿಗೆ ಏನು ಹೇಳಲಿ ಪಪ್ಪಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಆಗ ನನಗೆ ಸರಿಯಾಗಿ ಮಾತು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನಗೆ 25ನೇ ತಾರೀಕಿಗಿಂತ ಅದರ ಹಿಂದಿನ ಎರಡು ವಾರವೇ ಜಾಸ್ತಿ ಇಷ್ಟ. ಹಬ್ಬದ ದಿನ ಸಾನ್ನಾ, ಹಂದಿ ಬಫಾತ್ ತಿಂದು ಎಲ್ಲರೂ ಮಧ್ಯಾಹ್ನ ಮಲಗಿಬಿಡುತ್ತಿದ್ದರು. ಮಜಾ ಎಲ್ಲ ಅಷ್ಟರೊಳಗೆ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಮಾಡುವುದರಲ್ಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟುವುದರಲ್ಲಿ ಆಗಿರುತ್ತಿತ್ತು.

ಮಂಗಳೂರಿನ ಕುಲಶೇಖರದ ಹಳೇ ಮನೆ ನಿನಗೆ ನೆನಪಿದೆ ಅಲ್ವಾ? ಹಂಚಿನ ಮಾಡು, ಹಿಂದುಗಡೆ ಸೌದೆ ಒಲೆ. ರಾತ್ರಿ ಜಪಸರ, ಊಟ ಎರಡೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಚಾಪೆ ಹಾಸಿ ಕೂರುವುದು, ಅಜ್ಜಿ, ಅತ್ತೆಯಂದಿರು, ಮಕ್ಕಳು, ಸುಮ್ನೆ ಬಂದು ನಿಂತ ನಾನು ಕೂಡ. ಕಿಡಿಯೊ ಎಂಬ ಸುರುಳಿ ತಿಂಡಿಗೆ ಅಂತಲೇ ಅಜ್ಜಿ ಹೊಸ ಬಾಚಣಿಗೆ ತಂದಿಟ್ಟಿರುತ್ತಿದ್ದರು, ತಲೆಗೆ ಮುಟ್ಟಿಸದೇ ಇದ್ದದ್ದು. ಹಿಟ್ಟಿನ ಚಿಕ್ಕ ಉಂಡೆಯನ್ನು ಅದರ ಮೇಲೆ ಒತ್ತಿ ಸುರುಳಿ ಮಾಡಿದರೆ ಗೆರೆ ಗೆರೆ ಮೂಡುತ್ತಿತ್ತು. ಕರಿಗಡುಬಿನಂಥ ನೆವ್ರಿಯ ಅಂಚು ಕತ್ತರಿಸುವ ಹಿತ್ತಾಳೆ ಚಕ್ರಕ್ಕಾಗಿ ನೀನೂ ನಿನ್ನ ತಮ್ಮನೂ ಪ್ರತಿ ವರ್ಷ ಜಗಳ. ಎಳ್ಳು, ಕೊಬ್ಬರಿ, ಏಲಕ್ಕಿಯ ಹೂರಣ ಅರ್ಧ ನಿಮ್ಮ ಬಾಯಿಗೇ ಹೋಗುತ್ತಿತ್ತು, ಅಜ್ಜಿ ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಹೂವಿನ ಆಕಾರದ ಕರಿದ ತಿಂಡಿ ಕೊಕ್ಕಿಸಾಂ ಮಾತ್ರ ಅಜ್ಜಿಯದೇ ಕೆಲಸ. ಆ ಕಬ್ಬಿಣದ ಹೂವಿನ ಅಚ್ಚು ಎಣ್ಣೆಯಲ್ಲೇ ಇದ್ದು ಚೆನ್ನಾಗಿ ಕಾಯಬೇಕು, ಆಮೇಲೆ ಹಿಟ್ಟಿಗೆ ಅದ್ದುವಾಗ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು, ಮೇಲಿನ ಅಂಚು ದಾಟಿತೋ, ಹೂವು ಅಚ್ಚನ್ನು ಬಿಟ್ಟು ಬರುವುದೇ ಇಲ್ಲ. ಸರಿಯಾಗಿ ಅದ್ದಿದ್ದರೆ ಎಣ್ಣೆಯಲ್ಲಿ ಅಚ್ಚನ್ನು ಸ್ವಲ್ಪ ಅಲ್ಲಾಡಿಸಿದರೆ ಸಾಕು, ಹೂವು ತಾನಾಗಿ ಕಳಚಿಕೊಂಡು ತೇಲುತ್ತದೆ. ಅದು ಕಳಚುವಾಗಲೆಲ್ಲ ನೀನು ಚಪ್ಪಾಳೆ ತಟ್ಟುತ್ತಿದ್ದೆ.

ಪಕ್ಕದ ಮನೆಯವರು ಮೊಟ್ಟೆ ತಿನ್ನುವುದಿಲ್ಲ. ಹಾಗಾಗಿ ಅವರ ಪಾಲಿನದು ಮೊದಲು, ಹೊಸ ಎಣ್ಣೆಯಲ್ಲಿ, ಮೊಟ್ಟೆ ಹಾಕದ ಹಿಟ್ಟಿನಲ್ಲಿ. ಅವರ ತಟ್ಟೆ ತುಂಬಿದ ಮೇಲೆಯೇ ನಮ್ಮದು. ಕಸೂತಿ ಬಟ್ಟೆ ಮುಚ್ಚಿ ಆ ತಟ್ಟೆಯನ್ನು ಒಯ್ಯುವುದು ನಿನ್ನ ಕೆಲಸ, ನೆನಪಿದೆಯಾ? ಚೌತಿಗೆ ಅವರ ಮನೆಯಿಂದ ಪಂಚಕಜ್ಜಾಯ, ಚಕ್ಕುಲಿ ಬರುತ್ತಿತ್ತು. ಈಗಲೂ ಬರುತ್ತದೆ. ಈ ಕೊಡು ಕೊಳ್ಳುವುದನ್ನು ಯಾರೂ ನಮಗೆ ಪಾಠ ಮಾಡಿ ಕಲಿಸಿದ್ದಲ್ಲ, ಪುಟ್ಟಿಗೆ ಇದನ್ನು ಖಂಡಿತ ಹೇಳು.

ಗೋದಲಿ ಅಜ್ಜನ ಇಲಾಖೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿ ಗೋದಲಿ ಮಾಡಿಸಿದ್ದರು, ಅದಕ್ಕೇ ಅಜ್ಜ ಮೊದಲು ಎತ್ತು ಇಟ್ಟು ಆಮೇಲೆ ಉಳಿದವರನ್ನು ಇಡುತ್ತಿದ್ದರು. ಮಣ್ಣುನೀರಲ್ಲಿ ಅದ್ದಿದ ಗೋಣಿಚೀಲದ ಗುಡ್ಡ, ಬೈಹುಲ್ಲಿನ ಮಾಡು, ಗೆರಟೆಗಳಲ್ಲಿ ಮೊಳಕೆ ಬರಿಸಿದ ಭತ್ತದ ಗದ್ದೆ. ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ. ಬಾಲಯೇಸುವನ್ನು ನೋಡಲು ಬರುವ ಮೂವರು ರಾಜರ ಗೊಂಬೆಗಳನ್ನು ದೂರದ ಕಿಟಕಿಯ ಹತ್ತಿರ ನಿಲ್ಲಿಸಿ, ದಿನಾ ಒಂದು ಗೇಣು ಮುಂದೆ ಸರಿಸಿ, ಜನವರಿ 6ಕ್ಕೆ ಗೋದಲಿಗೆ ಮುಟ್ಟಿಸುವುದು ನಿಮ್ಮಿಬ್ಬರ ಜವಾಬ್ದಾರಿ. ಒಮ್ಮೆ ಒಬ್ಬ ರಾಜ ಬೆಕ್ಕಿನ ಬಾಯಲ್ಲಿ ಅಂಗಳಕ್ಕೆ ಹೋಗಿದ್ದ, ನೀನು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದೆ.

ರಾತ್ರಿ ಪೂಜೆಗೆ ಗುಡ್ಡ ಹತ್ತಿಕೊಂಡು ನಡೆದೇ ಹೋಗುತ್ತಿದ್ದೆವು. ದಾರಿಯ ಎರಡೂ ಬದಿಗೆ ನಕ್ಷತ್ರದ ಗೂಡುದೀಪಗಳು. ನೀನು ನನ್ನ ಹೆಗಲ ಮೇಲೆ ನಿದ್ದೆ ಹೋಗಿರುತ್ತಿದ್ದೆ, ಗ್ಲೋರಿಯಾ ಸ್ತುತಿಗೀತೆ ಹಾಡುವಾಗ ಗಂಟೆ ಬಾರಿಸಿದರೆ ಬೆಚ್ಚಿ ಎದ್ದು ಕೂರುತ್ತಿದ್ದೆ. ಪೂಜೆ ಮುಗಿದ ಮೇಲೆ ಮೈದಾನದಲ್ಲಿ ಕೇಕ್, ಕಾಫಿ, ಸಿಕ್ಕಿದವರಿಗೆಲ್ಲ ಹಬ್ಬದ ಶುಭಾಶಯ.

ಈಗ ಮಂಗಳೂರಿನಲ್ಲಿ ಯಾವ ಬೇಕರಿಗೆ ಹೋದರೂ ಕುಸ್ವಾರ್ ಪೊಟ್ಟಣ ಸಿಗುತ್ತದೆ. ರುಚಿ ಇಲ್ಲ ಅಂತ ನಾನು ಹೇಳುವುದಿಲ್ಲ, ನಿನ್ನ ಮಮ್ಮಿಗೆ ಮೊಣಕಾಲು ನೋವು ಶುರುವಾದ ಮೇಲೆ ನಾವೂ ತರುತ್ತೇವೆ. ಆದರೆ ಪೊಟ್ಟಣ ತಂದ ಮನೆಯಲ್ಲಿ ಮಕ್ಕಳ ಕೈಗೆ ಕೆಲಸವೇ ಇರುವುದಿಲ್ಲ ನೋಡು, ನನಗೆ ಬೇಸರ ಆಗುವುದು ಅದಕ್ಕೆ. ನಿನಗೆ ಇಷ್ಟೆಲ್ಲ ನೆನಪಿರುವುದು ಆ ಬಾಚಣಿಗೆ ನಿನ್ನ ಕೈಯಲ್ಲಿ ಇತ್ತು ಅಂತ ತಾನೇ? ಪುಟ್ಟಿಗೂ ಏನಾದರೂ ಒಂದು ಕೆಲಸ ಕೊಡು. ಡ್ಯೂಟಿ ಮುಗಿಸಿ ಬಂದು ಎಲ್ಲವನ್ನೂ ಮಾಡಲು ನಿನಗೆ ಆಗುವುದಿಲ್ಲ, ಗೊತ್ತು. ಬರೇ ಕಿಡಿಯೊ ಮಾಡು, ಸಾಕು. ವಾರೆಕೋರೆ ಆದರೂ ಪರವಾಗಿಲ್ಲ.

ಅಜ್ಜಿಯ ಕೊಕ್ಕಿಸಾಂ ಅಚ್ಚನ್ನು ನಿನ್ನ ಚಿಕ್ಕಮ್ಮನ ಕೈಯಲ್ಲಿ ಡಬ್ಲಿನ್‌ಗೆ ಕಳಿಸುತ್ತಿದ್ದೇನೆ, ಮುಂದಿನ ವಾರ ತಲುಪುತ್ತದೆ. ಸಾಬೂನು ಹಾಕಿ ತಿಕ್ಕಬೇಡ, ಒರೆಸಿ ಎಣ್ಣೆ ಸವರಿಡು. ಗೋದಲಿಗೆ ಅಲ್ಲಿ ಭತ್ತ ಸಿಗದಿದ್ದರೆ ಗೋಧಿ ಹಾಕು, ಅದೂ ಹಸಿರಾಗಿ ಬರುತ್ತದೆ. ನಿಮ್ಮಲ್ಲಿ ಚಳಿ ಜಾಸ್ತಿ, ಮೊಳಕೆ ನಿಧಾನ, ಇಲ್ಲಿಗಿಂತ ನಾಲ್ಕೈದು ದಿನ ಮೊದಲೇ ಬಿತ್ತಿ ಹೀಟರಿನ ಹತ್ತಿರ ಇಡು. ನೀರು ಹಾಕುವುದು ಪುಟ್ಟಿಯ ಕೆಲಸ ಅಂತ ಈಗಲೇ ಹೇಳಿಬಿಡು.

ಪ್ರೀತಿಯಿಂದ,
ಪಪ್ಪ