ಸಮೀಕ್ಷೆ ಪ್ರಕಟಿಸುವಾಗ ಸ್ಯಾಂಪಲ್ ವಿವರವೂ ಇರಲಿ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದರೆ ಸಾಕು, ‘10,000 ಮಂದಿಯನ್ನು ಮಾತನಾಡಿಸಿದ ಸಮೀಕ್ಷೆ’ ಎಂಬ ಸಾಲು ದಪ್ಪಕ್ಷರದಲ್ಲಿ ಬರುತ್ತದೆ. ರಾಜ್ಯದ 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಸಿಗುವುದು ಸುಮಾರು 45 ಮಂದಿ. ಅವರಲ್ಲಿ ಶೇ 40ರಷ್ಟು ಜನ ಒಂದು ಪಕ್ಷದ ಪರ ಎಂದರೆ, ನಿಜವಾದ ಪ್ರಮಾಣ ಶೇ 26ರಿಂದ 54ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟನ್ನು ಹಿಡಿದು ಕ್ಷೇತ್ರವಾರು ಸೋಲು–ಗೆಲುವು ಹೇಳುವುದು ಜ್ಯೋತಿಷ್ಯವೇ ಸರಿ. ಇಡೀ ರಾಜ್ಯದ ಮತಪ್ರಮಾಣ ತಿಳಿಯಲು ಸರಿಯಾಗಿ ಆಯ್ದ 1,000 ಮಂದಿಯ ಸ್ಯಾಂಪಲ್ (ಎಲ್ಲರ ಪರವಾಗಿ ಕೇಳಲು ಆರಿಸಿದ ಗುಂಪು) ಸಾಕು, ತಪ್ಪು ಆಚೀಚೆ ಸುಮಾರು ಶೇ 3ರಷ್ಟಿರುತ್ತದೆ. ಕಷ್ಟವಿರುವುದು ಆ ‘ಸರಿಯಾಗಿ ಆಯ್ದ’ ಎಂಬಲ್ಲಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಕ್ರಮ ನೋಡಿ. ಮೊದಲು ಹಳ್ಳಿ ಅಥವಾ ನಗರದ ಬ್ಲಾಕ್ (ಜನಗಣತಿಗೆಂದು ಗುರುತಿಸಿದ ಸಣ್ಣ ಪ್ರದೇಶ) ಆರಿಸುತ್ತಾರೆ. ಅಲ್ಲಿನ ಪ್ರತಿ ಮನೆಯನ್ನೂ ಹೊಸದಾಗಿ ಪಟ್ಟಿ ಮಾಡಿ 22 ಮನೆ ಆಯುತ್ತಾರೆ. 220 ಮನೆಯ ಊರಾದರೆ 1ರಿಂದ 10ರೊಳಗಿನ ಒಂದು ಸಂಖ್ಯೆ ಎತ್ತಿ, ಅದು 7 ಬಂದರೆ 7, 17, 27 ಎಂದು ಹೋಗುವುದು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗುವಂತಿಲ್ಲ, ಅದೇ ಮನೆಗೆ ಮತ್ತೆ ಬರಬೇಕು. ಹಗಲು ಬಾಗಿಲು ತೆರೆದಿರುವ ಮನೆಗಳನ್ನೇ ಹುಡುಕಿಕೊಂಡು ಹೋದರೆ ದುಡಿಯುವ ದಂಪತಿ, ಒಂಟಿಯಾಗಿ ಇರುವವರು ಸ್ಯಾಂಪಲ್‌ನಿಂದಲೇ ಮಾಯವಾಗುತ್ತಾರೆ. ಗೇಟಿನ ಸೆಕ್ಯುರಿಟಿ ಒಳಗೇ ಬಿಡದ ಅಪಾರ್ಟ್‌ಮೆಂಟ್‌ಗಳ ಪಾಡೂ ಇದೇ.

ಇಷ್ಟು ಶಿಸ್ತಿನ ಸಮೀಕ್ಷೆಗೂ ಊರು, ಬ್ಲಾಕ್‌ಗಳ ಮೂಲಪಟ್ಟಿ 2011ರ ಜನಗಣತಿಯದೇ. ಬೆಂಗಳೂರಿನ ಅಂಚಿನ ಹಳ್ಳಿಯಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದ್ದರೂ ಪಟ್ಟಿಯಲ್ಲಿ ಅದು ‘ಗ್ರಾಮೀಣ’. 2021ರ ಗಣತಿ ನಡೆಯಲೇ ಇಲ್ಲ; 2027ರದು ಮುಗಿಯುವವರೆಗೆ ಇದೇ ಗತಿ.

ಫೋನ್ ಸಮೀಕ್ಷೆಯ ಕಥೆ ಇನ್ನೂ ತೊಡಕಿನದು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರವೇ, ದೇಶದಲ್ಲಿ 15–49 ವಯಸ್ಸಿನ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ 54 ಮಾತ್ರ. ಕರೆ ಮಾಡಿದ 1,000 ಮಂದಿಯಲ್ಲಿ 750 ಗಂಡಸರು, 250 ಹೆಂಗಸರು ಸಿಕ್ಕರು ಎನ್ನಿ. ಇಬ್ಬರ ಪಾಲನ್ನೂ ಅರ್ಧರ್ಧಕ್ಕೆ ಸರಿದೂಗಿಸಲು ಗಂಡಸಿನ ಉತ್ತರಕ್ಕೆ 0.67, ಹೆಂಗಸಿನದಕ್ಕೆ 2 ತೂಕ ಕೊಡುತ್ತಾರೆ, ಅಂದರೆ ಒಂದೊಂದು ಉತ್ತರವನ್ನೂ ಅಷ್ಟು ಮಂದಿಯದೆಂದು ಎಣಿಸುತ್ತಾರೆ. ಆಗ 1,000ದ ಸ್ಯಾಂಪಲ್‌ಗೆ ಉಳಿಯುವುದು 750 ಮಂದಿಯನ್ನು ಕೇಳಿದಷ್ಟೇ ನಿಖರತೆ. ಅದನ್ನಾದರೂ ಸಹಿಸಬಹುದು. ಆದರೆ ಫೋನೇ ಇಲ್ಲದ ಹೆಂಗಸಿನ ಅಭಿಪ್ರಾಯ ಫೋನ್ ಎತ್ತಿದವಳ ಉತ್ತರವನ್ನು ಎರಡು ಬಾರಿ ಎಣಿಸಿದರೆ ಬಂದೀತೇ?

ಆದ್ದರಿಂದ ಪತ್ರಿಕೆಯಲ್ಲಿ ಒಂದು ಕೋರಿಕೆ: ಸಮೀಕ್ಷೆಯ ಸುದ್ದಿಯ ಕೆಳಗೆ ಹೆಸರುಗಳನ್ನು ಯಾವ ಪಟ್ಟಿಯಿಂದ ಆರಿಸಿದರು, ಮನೆಗೆ ಹೋದರೋ ಫೋನ್ ಮಾಡಿದರೋ, ಎಷ್ಟು ಮಂದಿಯನ್ನು ಕೇಳಿದಾಗ ಎಷ್ಟು ಮಂದಿ ಉತ್ತರಿಸಿದರು, ತೂಕ ಹೇಗೆ ಕೊಟ್ಟರು, ಹಣ ಹಾಕಿದವರು ಯಾರು ಎಂಬುದನ್ನು ಅಚ್ಚು ಹಾಕಿ. ನಾಲ್ಕು ಸಾಲು ಸಾಕು. ಕೇಳಿದರೂ ಕೊಡದ ಸಂಸ್ಥೆಯ ಸಮೀಕ್ಷೆಯನ್ನು ಮುಖಪುಟಕ್ಕೆ ತರಬೇಡಿ.

– ಸಂಖ್ಯಾಶಾಸ್ತ್ರ ಅಧ್ಯಾಪಕರು, ಧಾರವಾಡ