200 ಯೂನಿಟ್ ದಾಟಿಸುವುದು ಬಲ್ಬ್ ಅಲ್ಲ, ಬಿಸಿನೀರು

ಮಾನ್ಯ ಸಂಪಾದಕರೇ,

ಗೃಹಜ್ಯೋತಿಯಲ್ಲಿ ತಿಂಗಳುಗಟ್ಟಲೆ ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಚಳಿಗಾಲದಲ್ಲಿ ದಿಢೀರನೆ ಸಾವಿರ ರೂಪಾಯಿ ದಾಟಿದ ಬಿಲ್ ಬಂದಾಗ ಜನ ಮೊದಲು ಬೈಯುವುದು ಮೀಟರನ್ನು. ಮೀಟರ್ ಕೆಡುವುದು ಅಪರೂಪ. ನಿಯಮವೇ ಹಾಗಿದೆ: ಮನೆಗೆ ನಿಗದಿಯಾದ ಉಚಿತ ಮಿತಿ ಮೀರಿಯೂ ತಿಂಗಳ ಬಳಕೆ 200 ಯೂನಿಟ್‌ನೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್. 205ರಲ್ಲಿ ನಿಂತ ಮನೆಗೆ ಐದು ಯೂನಿಟ್‌ನ ಬೆಲೆ ಎಷ್ಟೆಂದು ಇದರಿಂದಲೇ ತಿಳಿಯುತ್ತದೆ.

ಉಳಿತಾಯವೆಂದರೆ ಲೈಟ್ ಆರಿಸುವುದು ಎಂಬ ಕಲ್ಪನೆ ಹಳೆಯ 60 ವ್ಯಾಟ್ ಬಲ್ಬಿನ ಕಾಲದ್ದು. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗದು. ಗ್ರೈಂಡರ್ ಬಗ್ಗೆಯೂ ವೃಥಾ ಭಯವಿದೆ: 150 ವ್ಯಾಟ್‌ನದು ಅರ್ಧ ಗಂಟೆ ತಿರುಗಿದರೆ ಒಂದು ಯೂನಿಟ್‌ನ ಹದಿಮೂರನೇ ಒಂದು ಭಾಗ ಮಾತ್ರ. ದೋಸೆ ಹಿಟ್ಟು ಧಾರಾಳವಾಗಿ ರುಬ್ಬಿಕೊಳ್ಳಿ.

ಕರೆಂಟ್ ನುಂಗುವುದು ನೀರು ಕಾಯಿಸುವ ಕೆಲಸ. 20 ಲೀಟರ್ ಬಕೆಟ್ ನೀರನ್ನು 25 ಡಿಗ್ರಿಯಿಂದ ಸ್ನಾನಕ್ಕೆ ಹಿತವಾದ 42 ಡಿಗ್ರಿಗೆ ತರಲು ಸುಮಾರು 0.4 ಯೂನಿಟ್ ಬೇಕು. ನಾಲ್ವರು ದಿನಕ್ಕೊಂದೊಂದು ಬಕೆಟ್ ಮಿಂದರೆ ತಿಂಗಳಿಗೆ 48 ಯೂನಿಟ್. ಚಳಿಗೆ ಟ್ಯಾಂಕಿನ ನೀರು 18 ಡಿಗ್ರಿಗೆ ಇಳಿದಾಗ ಅದೇ ಬಕೆಟ್‌ಗೆ 0.56 ಯೂನಿಟ್, ಅಂದರೆ ತಿಂಗಳಿಗೆ 67. ಜನವರಿಯ ಬಿಲ್ಲಿನ ಗುಟ್ಟು ಇಷ್ಟೇ. ಷವರ್ ಇದ್ದರೆ ಒಬ್ಬರಿಗೇ ಎರಡು ಮೂರು ಬಕೆಟ್ ಹೋಗುತ್ತದೆ. ಗೀಸರ್‌ನಲ್ಲಾಗಲಿ ಕಾಯಿಲ್‌ನಲ್ಲಾಗಲಿ ಲೆಕ್ಕ ಹೆಚ್ಚುಕಡಿಮೆ ಒಂದೇ. ಗೀಸರ್ ಆನ್ ಇದ್ದಷ್ಟು ಹೊತ್ತೂ ಗಂಟೆಗೆ ಎರಡು ಯೂನಿಟ್ ಎಳೆಯುತ್ತದೆ ಎಂಬುದು ತಪ್ಪು, ನೀರು ಕಾದ ಮೇಲೆ ಥರ್ಮೋಸ್ಟಾಟ್ ತಾನೇ ಕಡಿಯುತ್ತದೆ. ಆದರೆ ಇಡೀ ದಿನ ಬಿಟ್ಟರೆ ಆರಿದ ನೀರನ್ನು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಮುಗಿಸಿದರೆ ಸಾಕು. ಬಚ್ಚಲಲ್ಲಿ ಹಂಡೆ ಒಲೆ ಇದ್ದು, ತೆಂಗಿನ ಮಟ್ಟೆ, ಗರಿ ತೋಟದಲ್ಲೇ ಸಿಗುವವರು ಟೈಲ್ಸ್ ಹಾಕಿಸುವ ಸಡಗರದಲ್ಲಿ ಅದನ್ನು ಒಡೆಸುವ ಮೊದಲು ಈ ಲೆಕ್ಕ ನೋಡಲಿ.

ಎರಡನೆಯದು ಫ್ಯಾನ್. 75 ವ್ಯಾಟ್‌ನ ಸಾಮಾನ್ಯ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರ್ ಇರುವ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್‌ಗೆ 11. ಬೆಲೆ ಹೆಚ್ಚಾದ್ದರಿಂದ ಎಲ್ಲವನ್ನೂ ಬದಲಿಸಬೇಕಿಲ್ಲ, ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯದೊಂದು ಸಾಕು. ಬಿಎಲ್‌ಡಿಸಿ ಹಾಕಿಸುವಾಗ ಹಳೆಯ ರೆಗ್ಯುಲೇಟರ್ ತೆಗೆಸಿ ನೇರ ಲೈನ್ ಕೊಡಿಸಿ. ಅದರ ಮೂಲಕವೇ ಓಡಿಸಿದರೆ ಫ್ಯಾನ್ ಒಳಗಿನ ಸರ್ಕ್ಯೂಟ್ ಸುಡಬಹುದು.

ಯಾವ ಉಪಕರಣ ಎಷ್ಟು ಎಳೆಯುತ್ತದೆಂದು ತಿಳಿಯಲು ಯಾವ ಯಂತ್ರವನ್ನೂ ಕೊಳ್ಳಬೇಕಿಲ್ಲ. ಡಿಜಿಟಲ್ ಮೀಟರಿನಲ್ಲಿ ಮಿಣುಕುವ ಸಣ್ಣ ಕೆಂಪು ದೀಪ ಇದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅದು 3200 ಎಂದಿದ್ದರೆ, ಉಳಿದದ್ದೆಲ್ಲ ಆರಿಸಿ ಒಂದೇ ಉಪಕರಣ ಹಾಕಿ. ಒಂದು ಮಿಣುಕಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ, 1125ನ್ನು ಅದರಿಂದ ಭಾಗಿಸಿ. ಬಂದದ್ದು ವ್ಯಾಟ್. 15 ಸೆಕೆಂಡಿಗೊಮ್ಮೆ ಮಿಣುಕಿದರೆ 75 ವ್ಯಾಟ್. ಮೀಟರಿನಲ್ಲಿ ಬೇರೆ ಸಂಖ್ಯೆ ಇದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ, 1125ರ ಜಾಗದಲ್ಲಿ ಅದನ್ನು ಬಳಸಿ. ಫ್ರಿಜ್‌ಗೆ ಮಾತ್ರ ಇದು ನಡೆಯದು. ಅದರ ಕಂಪ್ರೆಸರ್ ನಿಂತು ನಿಂತು ಓಡುತ್ತದೆ.

ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಸೆಟ್‌ಟಾಪ್ ಬಾಕ್ಸ್, ಇನ್ವರ್ಟರ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ರಿಮೋಟ್‌ನಲ್ಲಿ ಆರಿಸಿದ ಬಾಕ್ಸ್ 10 ವ್ಯಾಟ್ ಎಳೆದರೂ ತಿಂಗಳಿಗೆ ಏಳು ಯೂನಿಟ್, ನೋಡುವವರಿಲ್ಲದೆ. ಮುದಿ ಬ್ಯಾಟರಿಯ ಇನ್ವರ್ಟರ್ ಚಾರ್ಜ್ ತುಂಬದೆ ಎಳೆಯುತ್ತಲೇ ಇರುತ್ತದೆ. ಎಲ್ಲ ಕಿತ್ತರೂ ಮಿಣುಕು ನಿಲ್ಲದಿದ್ದರೆ ಗೋಡೆಯೊಳಗಿನ ವೈರಿಂಗ್‌ನಲ್ಲಿ ಕರೆಂಟ್ ಸೋರುತ್ತಿರಬಹುದು. ಅದು ದುಡ್ಡಿನ ಮಾತಲ್ಲ, ಶಾಕ್ ಹೊಡೆಯುವ ಅಪಾಯ. ಅಂದೇ ಎಲೆಕ್ಟ್ರೀಷಿಯನ್‌ನನ್ನು ಕರೆಸಿ.

ಬಾವಿ, ಸಂಪ್ ಮೋಟರ್ ಇರುವವರು ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ನೋಡಿಸಿ. ಪ್ರತಿ ಸಲ ಮೋಟರ್‌ಗೆ ನೀರು ತುಂಬಿಸಬೇಕಾದರೆ ಸಾಮಾನ್ಯವಾಗಿ ವಾಲ್ವ್ ಸೋರುತ್ತಿದೆ ಎಂದರ್ಥ. ಒಂದು ಎಚ್‌ಪಿ ಮೋಟರ್ ಗಂಟೆಗೆ ಹತ್ತಿರಹತ್ತಿರ ಒಂದು ಯೂನಿಟ್ ತಿನ್ನುತ್ತದೆ, ಟ್ಯಾಂಕ್ ತುಂಬಿ ಹರಿಯುವಾಗಲೂ. ಫ್ರಿಜ್ ಬಾಗಿಲಿಗೆ ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸಡಿಲಾಗಿದೆ. ಸೋಪಿನ ನೀರಲ್ಲಿ ಜಿಡ್ಡು ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ.

ರೀಡಿಂಗ್‌ಗೆ ಬಂದ ದಿನದ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದು, ಇಪ್ಪತ್ತನೇ ದಿನಕ್ಕೆ ಬಳಕೆ 130 ಯೂನಿಟ್ ದಾಟಿದೆಯೇ ಎಂದು ಮನೆಯವರು ನೋಡಿಕೊಳ್ಳಬಹುದು. ವಿದ್ಯುತ್ ಕಂಪನಿಗಳು ಬಿಲ್ಲಿನ ಹಿಂಬದಿಯಲ್ಲಿ ಈ ಮಿಣುಕಿನ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ದೂರು ಕೊಡಲು ಬರುವವರೂ ಕಡಿಮೆಯಾಗುತ್ತಾರೆ.

– ಒಬ್ಬ ವಿದ್ಯುತ್ ಗುತ್ತಿಗೆದಾರ, ತಿಪಟೂರು