ಅಳಿಯನಿಗೆ, ದೋಣಿಯ ಕಲೆಯ ವಿಷಯ

ಮಂಜೇಶ್ವರ

ಪ್ರೀತಿಯ ಅಳಿಯನಿಗೆ,

ನಿನ್ನ ಪತ್ರದಲ್ಲಿ ಬೇರೆಲ್ಲ ಓದಿ ಖುಷಿಯಾಯ್ತು. ಒಂದು ಕಡೆ ಮಾತ್ರ ನಿಂತುಬಿಟ್ಟೆ. ಫೈಬರ್ ದೋಣಿ ಹಳದಿಯಾಗಿದೆ, ಓಣಂಗೆ ಬರುವ ಜನ ಹತ್ತುವುದಿಲ್ಲವೋ ಏನೋ, ಬಾತ್‌ರೂಂ ಆಸಿಡ್‌ಗೆ ಬ್ಲೀಚಿಂಗ್ ಪುಡಿ ಸೇರಿಸಿ ರಾತ್ರಿ ಶೆಡ್ಡಿನಲ್ಲಿ ಉಜ್ಜುತ್ತೇನೆ ಅಂದಿದ್ದೀಯಲ್ಲ, ಅಲ್ಲಿ. ನಿನ್ನೆಯೇ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೆ ಇದನ್ನು ಬರೆದು, ಫೋಟೋ ತೆಗೆಸಿ ವಾಟ್ಸಾಪಿಗೆ ಹಾಕಿಸುತ್ತಿದ್ದೇನೆ.

ಅವೆರಡನ್ನು ಸೇರಿಸಬೇಡ ಮಾರಾಯ. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ನೀನೋ ದೋಣಿಯ ಅಡಿಗೆ ನುಗ್ಗಿ ಉಜ್ಜುವವನು. ಅದೂ ಬಾಗಿಲು ಹಾಕಿದ ಶೆಡ್ಡು, ಪಕ್ಕದಲ್ಲಿ ಯಾರೂ ಇಲ್ಲ.

ನೀರಿನ ಮಟ್ಟದ ಆ ಕಂದು ಗೆರೆ ದೋಣಿ ಹಾಳಾದ ಗುರುತಲ್ಲ. ಹೊಳೆ ನೀರಿನಲ್ಲಿ ಕೊಳೆತ ಎಲೆಯ ಚೊಗರು ಇರುತ್ತದೆ, ಮುರಕಲ್ಲು ಮಣ್ಣಿನ ಕಬ್ಬಿಣ ಇರುತ್ತದೆ. ನಿಮ್ಮ ತೇಜಸ್ವಿನಿ ಹೊಳೆಯೂ ಹಾಗೇ. ಅದಕ್ಕೆ ಆಕ್ಸಾಲಿಕ್ ಆಸಿಡ್ ಸಾಕು. ಪುಡಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಸ್ಪಂಜಿನಿಂದ ಹಚ್ಚು. ಸ್ವಲ್ಪ ಹೊತ್ತು ಬಿಟ್ಟು, ಒಣಗುವ ಮೊದಲೇ ಚೆನ್ನಾಗಿ ತೊಳೆ. ಇದೂ ವಿಷವೇ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪುಡಿ ಇದಕ್ಕೂ ಸೇರಿಸುವ ಹಾಗಿಲ್ಲ.

ನನ್ನ ಅಪ್ಪನ ಕಾಲದಲ್ಲಿ ಈ ಗೋಳೇ ಇರಲಿಲ್ಲ. ಮರದ ಹಲಗೆಗಳನ್ನು ತೆಂಗಿನ ಹುರಿಯಲ್ಲಿ ಹೊಲಿದ ದೋಣಿ. ಗೇರುಬೀಜದ ಸಿಪ್ಪೆಯ ಎಣ್ಣೆಯೋ ಬೂತಾಯಿ ಮೀನಿನ ಎಣ್ಣೆಯೋ ಬಳಿದರೆ ಆಯ್ತು, ಕಪ್ಪು ಮೈಯಲ್ಲಿ ಕಲೆ ಎಲ್ಲಿ ಕಾಣಬೇಕು? ನಾಲ್ಕು ದಿನ ನಾತ ಹೊಡೆಯುತ್ತಿತ್ತು, ಅಷ್ಟೇ. ಆ ಹೊಲಿಗೆ ನಾನು ಕಲಿಯಲೇ ಇಲ್ಲ. ಫೈಬರ್ ದೋಣಿ ಬಂತು, ಅದನ್ನು ಕಟ್ಟುವ ಯಾರ್ಡಿನಲ್ಲಿ ತಿಂಗಳ ಸಂಬಳ ಅಂತ ಹೋದೆ. ಈಗ ಕೇಳೋಣವೆಂದರೆ ಹೇಳಿಕೊಡುವವರು ಯಾರೂ ಉಳಿದಿಲ್ಲ.

ಯಾರ್ಡಿನದು ಒಂದು ಮಾತು ನಿನ್ನಮ್ಮನಿಗೂ ಹೇಳಿಲ್ಲ. ಫೈಬರ್‌ಗೆ ಹಚ್ಚುವ ರೆಸಿನ್ ಅಂಟಿಗೆ ಅದನ್ನು ಗಟ್ಟಿ ಮಾಡುವ ಕ್ಯಾಟಲಿಸ್ಟ್ ಸೇರಿಸುವಾಗ ನಮ್ಮ ಜೊತೆಯ ಹುಡುಗನೊಬ್ಬನ ಕಣ್ಣಿಗೆ ಅದು ಹಾರಿತು. ತಕ್ಷಣ ನೀರು ಹಾಕಿದೆವು, ಆಸ್ಪತ್ರೆಗೂ ಓಡಿದೆವು. ಆ ಕಣ್ಣು ಮತ್ತೆ ಬರಲಿಲ್ಲ. ಊರಿಗೆ ಹೋದವನನ್ನು ಒಮ್ಮೆ ನೋಡಿ ಬರಬೇಕು ಅಂದುಕೊಳ್ಳುತ್ತಲೇ ವರ್ಷಗಳು ಹೋದವು. ಅವನಿಗೂ ಆಗ ನಿನ್ನದೇ ವಯಸ್ಸು. ಅದಕ್ಕೇ ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಮೈ ಸುಣ್ಣದ ಹಾಗೆ ಬೆಳ್ಳಗಾಗಿ ಹೊಳಪು ಹೋಗಿದೆ ಅಂದೆ. ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಅಲ್ಲಿ ನೀರು ಹಾಕಿ ನೋಡು. ಒದ್ದೆಯಿರುವಷ್ಟು ಹೊತ್ತು ಹಳೆಯ ಬಣ್ಣ ಕಂಡರೆ ಬಿಸಿಲಿಗೆ ಮೇಲ್ಪದರ ಮಾತ್ರ ಸತ್ತಿದೆ, ಉಜ್ಜಿ ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್ ಪೇಸ್ಟಿನಲ್ಲಿ ಸರಿಯಾಗುತ್ತದೆ. ಮೊದಲೇ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಹಿಡಿಯಬೇಡ. ಫೈಬರ್ ಮೇಲಿನ ಹೊಳಪಿನ ಪದರ, ಜೆಲ್‌ಕೋಟ್, ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಅದು ಸವೆದು ಫೈಬರ್ ಕಂಡರೆ ನೀರು ಒಳಗೆ ಇಳಿಯುತ್ತದೆ. ಕಾಂಪೌಂಡ್ ಸಾಲದಿದ್ದರೆ ಮಾತ್ರ 1000 ನಂಬರಿನ ಪೇಪರ್, ನೀರು ಬಿಡುತ್ತಾ, ಹಗುರ ಕೈಯಲ್ಲಿ. ಆಮೇಲೆ 1500, ಮತ್ತೆ ಕಾಂಪೌಂಡ್. ಬಫಿಂಗ್ ಮಷಿನ್ ಇದ್ದರೆ ಒಂದೇ ಕಡೆ ಒತ್ತಿ ನಿಲ್ಲಿಸಬೇಡ, ಸುಡುತ್ತದೆ. ಕೊನೆಗೆ ವ್ಯಾಕ್ಸ್ ಬಿಡಬೇಡ. ಆಸಿಡ್ ತಾಗಿದಲ್ಲಿ ಹಳೆಯ ವ್ಯಾಕ್ಸ್ ಉಳಿದಿರುವುದಿಲ್ಲ, ಬರೀ ಮೈಗೆ ಕಲೆ ಬೇಗ ಹಿಡಿಯುತ್ತದೆ. ಬೋಲ್ಟ್ ಕೆಳಗೆ ತುಕ್ಕು ಇಳಿದಿದ್ದರೆ ಬೋಲ್ಟನ್ನೇ ಬದಲಿಸು, ಸುಮ್ನೆ ಕಲೆ ಉಜ್ಜಿ ಏನು ಪ್ರಯೋಜನ? ಉಪದೇಶ ಜಾಸ್ತಿ ಆಯ್ತೇನೋ.

ಇಷ್ಟೆಲ್ಲ ಮರೆತರೂ ಚಿಂತೆಯಿಲ್ಲ, ಆ ರಾತ್ರಿಯ ಕೆಲಸ ಮಾತ್ರ ಬಿಟ್ಟುಬಿಡು. ಬೆಳಗ್ಗೆ ಬಯಲಲ್ಲಿ, ನೆರಳು ನೋಡಿ ಮಾಡು. ಬ್ಲೀಚಿಂಗ್ ಪುಡಿ ಪೊಟ್ಟಣ ಅಮ್ಮನಿಗೆ ಕೊಡು, ಬಾವಿಗೆ ಬೇಕಾಗುತ್ತದೆ. ಓಣಂಗೆ ಎರಡೂ ಪಕ್ಕ ಮುಗಿಯದಿದ್ದರೆ ಜೆಟ್ಟಿಗೆ ತಾಗುವ ಪಕ್ಕವನ್ನೇ ಮೊದಲು ಮಾಡು. ಹತ್ತುವವರಿಗೆ ಕಾಣುವುದು ಅದೇ ಅಲ್ವಾ? ಓದಿದ ಕೂಡಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಮಾವ